ವರ್ಗಾವಣೆಯ ಊಟ

"ಊಟಕ್ಕೆ ನಮ್ಮನೆಗೇ ಬನ್ನಿ ಸಾರ್" ಎಂದು ಬಾಯಿಮಾತಿಗೆ ಅಂದದ್ದೇ ತಪ್ಪಾಯಿತು. ದಿಲ್ಲಿಯ ದೊಡ್ಡ ಅಧಿಕಾರಿಗಳನ್ನು ಹಾಗೆ ಕರೆಯುವುದು ವಾಡಿಕೆ. "ಇನ್ನೊಮ್ಮೆ ನೋಡೋಣ" ಎಂದು ಅವರು ಜಾರಿಕೊಳ್ಳುವುದೂ ವಾಡಿಕೆ. ಆದರೆ ರಾಮದಾಸ ಪ್ರಭುಗಳು ಜಾರಿಕೊಳ್ಳಲಿಲ್ಲ. ಶುಕ್ರವಾರ ಸಂಜೆ ಚೆನ್ನೈ ಕಚೇರಿಯ ಮೀಟಿಂಗು ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತ, "ಬರ್ತೇನೆ ಮಾರಾಯ್ರೆ. ಕಾರ್ಕಳ ಬಿಟ್ಟು ಮೂವತ್ತು ವರ್ಷ ಆಯ್ತು, ದಿಲ್ಲಿಯಲ್ಲಿ ರೊಟ್ಟಿ ಅಗಿದು ಅಗಿದು ದವಡೆ ಸವೆದುಹೋಯ್ತು. ನಾಳೆ ಮಧ್ಯಾಹ್ನ ನಿಮ್ಮಲ್ಲೇ ಊಟ. ಅನ್ನ ಸಾರು ಸಾಕು. ನಿಮ್ಮ ಬೆಂಗಳೂರಿನ ವಿಷಯವೂ ಉಂಟಲ್ಲ, ಅದನ್ನೂ ಅಲ್ಲೇ ಮಾತಾಡುವ" ಎಂದುಬಿಟ್ಟರು.

ಬೆಂಗಳೂರಿನ ವಿಷಯ ಎಂದೊಡನೆ ಚನ್ನವೀರಪ್ಪನವರ ಎದೆ ಡವಗುಟ್ಟಿತು. ಅನ್ನ ಸಾರು ಎಂದೊಡನೆ ಅದೇ ಎದೆ ಕುಸಿಯಿತು. ಅವರಿಗೆ ಮಾಡಲು ಬರುತ್ತಿದ್ದ ಅಡುಗೆ ಉಪ್ಪಿಟ್ಟು ಒಂದೇ. ಅದನ್ನು ಅವರು ಮಾಡುತ್ತಿದ್ದ ಹದದಲ್ಲಿ ಗೋಡೆಗೆ ಗಾರೆ ಬಳಿಯಬಹುದಿತ್ತು.

ಚನ್ನವೀರಪ್ಪನವರದು ಕರೆಂಟಿನ ನೌಕರಿ ಎಂದರೆ ಜನಕ್ಕೆ ಥಟ್ಟನೆ ಅರ್ಥವಾಗುತ್ತಿತ್ತು, ಆದರೆ ತಪ್ಪಾಗಿ ಅರ್ಥವಾಗುತ್ತಿತ್ತು. ಫ್ಯೂಸ್ ಹಾಕುವುದು, ಮೀಟರ್ ಓದುವುದು ಅವರ ಕೆಲಸವಲ್ಲ. ಒಂದೇ ಬಾವಿಗೆ ನಾಲ್ಕು ಮನೆಯವರು ಬಿಂದಿಗೆ ಇಳಿಬಿಟ್ಟಂತೆ ದಕ್ಷಿಣದ ನಾಲ್ಕು ರಾಜ್ಯಗಳು ಒಂದೇ ಗ್ರಿಡ್ಡಿನಿಂದ ವಿದ್ಯುತ್ ಸೇದುತ್ತವೆ. ಯಾರ ಪಾಲು ಎಷ್ಟು ಎಂದು ಹೇಳುವುದು, ಪಾಲು ಮೀರಿ ಸೇದಿದವರಿಗೆ "ದಯವಿಟ್ಟು ಸ್ವಲ್ಪ ಕಡಿಮೆ ಮಾಡಿ" ಎಂದು ಫೋನು ಮಾಡುವುದು ಕೇಂದ್ರ ಸರ್ಕಾರದ ಈ ಸಮನ್ವಯ ಕಚೇರಿಯ ಕೆಲಸ. ಅದರ ಚೆನ್ನೈ ಶಾಖೆಗೆ ಚನ್ನವೀರಪ್ಪನವರು ನಿರ್ದೇಶಕರು. ಹೇಳುವ ಅಧಿಕಾರ ಅವರಿಗೆ ಪೂರ್ತಿ ಇತ್ತು. ಕೇಳುವ ಅಭ್ಯಾಸ ಮಾತ್ರ ಯಾವ ರಾಜ್ಯಕ್ಕೂ ಇರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ "ಸಾಲಾಗಿ ಕೂತ್ಕೊಳ್ಳಿ, ಸಾಲಾಗಿ ಕೂತ್ಕೊಳ್ಳಿ" ಎಂದು ಕೂಗುವ ಮುದುಕನಿಗೆ ಸಿಗುವಷ್ಟೇ ಮರ್ಯಾದೆ ಅವರಿಗೂ ಸಿಗುತ್ತಿತ್ತು.

ಈ ಮರ್ಯಾದೆಗಾಗಿ ಅವರು ಸಂಸಾರವನ್ನೇ ಕೊಟ್ಟಿದ್ದರು. ಹೆಂಡತಿ ಸರ್ವಮಂಗಳಾ ತುಮಕೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಗಂಡ ನಾಗಪುರ, ಕಲ್ಕತ್ತಾ, ದಿಲ್ಲಿ ಎಂದು ಊರೂರು ಸುತ್ತಿ ಕೊನೆಗೆ ಚೆನ್ನೈಗೆ ಬಂದು ಬಿದ್ದಿದ್ದರು. ಬೇಸಿಗೆ ರಜೆ, ದಸರಾ ರಜೆ ಬಿಟ್ಟರೆ ಗಂಡಹೆಂಡತಿ ಒಂದೇ ಸೂರಿನ ಕೆಳಗೆ ಇದ್ದದ್ದಿಲ್ಲ. ಮಗ ಶಿವಕಿರಣ್ ಚಿಕ್ಕವನಿದ್ದಾಗ, ಅಪ್ಪನ ಚಿತ್ರ ಬರೆಯೋ ಎಂದರೆ ಟೆಲಿಫೋನಿನ ಚಿತ್ರ ಬರೆದಿದ್ದ. ಈಗ ಅವನು ಓದು ಮುಗಿಸಿ ಕೆಲಸಕ್ಕೆ ಸೇರಿದ್ದ, ಅಪ್ಪ ಮಾತ್ರ ಟೆಲಿಫೋನಿನಲ್ಲೇ ಉಳಿದಿದ್ದರು. ಬೆಂಗಳೂರಿನ ಮುಖ್ಯ ಕಚೇರಿಯಲ್ಲಿ ಮುಖ್ಯಸ್ಥರ ಜಾಗ ಖಾಲಿಯಾಗಿತ್ತು. ಅಲ್ಲಿಗೆ ಹೋದರೆ ತುಮಕೂರಿನಿಂದ ದಿನಾ ರೈಲಿನಲ್ಲಿ ಓಡಾಡಬಹುದು. ಸಂಜೆ ಮನೆಗೆ ಹೋಗುವುದು ಎಂಬ, ಲೋಕದಲ್ಲಿ ಎಲ್ಲರಿಗೂ ಇರುವ ಸೌಭಾಗ್ಯ ಅವರಿಗೂ ನಿವೃತ್ತಿಗೆ ಮುಂಚೆ ಒಂದಿಷ್ಟು ದಿನ ದಕ್ಕಬಹುದು. ಆ ಜಾಗಕ್ಕೆ ಯಾರು ಎಂದು ತೀರ್ಮಾನಿಸುವವರು ರಾಮದಾಸ ಪ್ರಭುಗಳು.

ಶನಿವಾರ ಬೆಳಗಾಗುತ್ತಲೇ ಚನ್ನವೀರಪ್ಪನವರು ಎದುರು ಮನೆಯ ಬಾಗಿಲು ತಟ್ಟಿದರು. ಅಡ್ಯಾರಿನ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಕನ್ನಡದವರ ಮನೆ ಮೂರು. ಮೂರನೆಯ ಮಹಡಿಯಲ್ಲಿ ಇವರದು, ಎದುರಿಗೆ ಮೈಸೂರಿನ ಜಯಲಕ್ಷ್ಮಿಯದು, ನೆಲಮಹಡಿಯಲ್ಲಿ ಅಂದಾನಿಯವರದು. ಜಯಲಕ್ಷ್ಮಿಯ ಗಂಡ ಮೋಹನ್ ಪೆರುಂಗುಡಿಯ ಕಂಪನಿಗೆ ಶನಿವಾರವೂ ಹೋಗುತ್ತಿದ್ದರು. ಮನೆಯಲ್ಲಿ ಅವಳೂ ಅವಳ ಚಿಕ್ಕಮ್ಮನೂ ಇದ್ದರು. ಆ ಮುದುಕಿಯನ್ನು ಇಡೀ ಕಟ್ಟಡವೇ ಚಿಕ್ಕಮ್ಮ ಎನ್ನುತ್ತಿತ್ತು. ಅಂದಾನಿಯವರು ನಂಜನಗೂಡಿನ ಕಡೆಯವರು. ರಾಯಪುರಂ ಹತ್ತಿರ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಏಜೆಂಟ್ ಕೆಲಸ. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ, ಯಾರೂ ಆರಿಸಿರಲಿಲ್ಲ.

"ದಿಲ್ಲಿಯಿಂದ ನಮ್ಮ ಸಾಹೇಬರು ಬರ್ತಿದಾರಮ್ಮ, ಊಟಕ್ಕೆ" ಎಂದರು ಚನ್ನವೀರಪ್ಪ. "ನನ್ನ ನೌಕರಿ ವಿಷಯ ಸ್ವಲ್ಪ ಇದೆ. ಅನ್ನ ಸಾರು ಮಾಡಿಕೊಟ್ರೆ ನಿಮ್ಮ ಉಪಕಾರ ಮರೆಯೋದಿಲ್ಲ."

ವರ್ಗಾವಣೆ ಎಂಬ ಮಾತನ್ನು ಅವರು ಬೇಕೆಂದೇ ಆಡಲಿಲ್ಲ. ಹಿಂದೆ ಎರಡು ಸಲ ವರ್ಗವಾಯಿತೆಂದು ಮನೆಮನೆಗೆ ಮೈಸೂರುಪಾಕು ಹಂಚಿದ್ದರು. ಎರಡು ಸಲವೂ ರದ್ದಾಗಿತ್ತು. ರದ್ದಾದ ದುಃಖವನ್ನಾದರೂ ತಡೆದುಕೊಂಡಿದ್ದರು, ಮೈಸೂರುಪಾಕು ತಿಂದವರ ಸಮಾಧಾನದ ಮಾತುಗಳನ್ನು ತಡೆಯಲಾಗಿರಲಿಲ್ಲ. ಅವರ ಮುಖವೋ, ಮಗು ಹುಟ್ಟಿದ ಸುದ್ದಿಯನ್ನೂ ಸಾವಿನ ಸುದ್ದಿಯಂತೆ ಹೇಳುವ ಮುಖ. ಜಯಲಕ್ಷ್ಮಿ ಅದನ್ನು ಒಂದು ಗಳಿಗೆ ನೋಡಿ, "ನೀವು ಏನೂ ಯೋಚನೆ ಮಾಡ್ಬೇಡಿ ಸಾರ್. ಎಲ್ಲಾ ನಾವು ನೋಡ್ಕೋತೀವಿ" ಎಂದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಂದಾನಿಯವರೂ ಏದುಸಿರು ಬಿಡುತ್ತ ಬಂದು ಅವರ ಕೈ ಹಿಡಿದುಕೊಂಡರು. "ಬಯಪಡಬ್ಯಾಡಿ ಸಾರ್. ಯಾರು ಬಂದ್ರೂ ಸರಿ, ನಾವು ಇರೋವರೆಗೂ ನಿಮಗೆ ಒಂದು ಕೊರತೆ ಬರಲ್ಲ." ಅಡುಗೆಗೆ ಇಷ್ಟೊಂದು ಧೈರ್ಯ ಹೇಳುತ್ತಾರಲ್ಲ ಎಂದು ಚನ್ನವೀರಪ್ಪನವರಿಗೆ ಕಣ್ಣು ತುಂಬಿ ಬಂತು.

ಜಯಲಕ್ಷ್ಮಿಯ ಅಡುಗೆಮನೆಯಲ್ಲಿ ತೆಂಗಿನಕಾಯಿ ಅರ್ಧ ರುಬ್ಬಿದ್ದಾಗ ಮಿಕ್ಸಿ ನಿಂತಿತು.

"ಸಾರ್, ಕರೆಂಟ್ ಪೋಚು" ಎಂದು ಕೆಳಗಿನಿಂದ ವಾಚ್‌ಮನ್ ಕೂಗಿದ, ಕರೆಂಟ್ ಹೋಯಿತೆಂಬುದು ಇವರಿಗೊಬ್ಬರಿಗೇ ಗೊತ್ತಾಗಿಲ್ಲವೇನೋ ಎಂಬಂತೆ. ಜೂನ್ ತಿಂಗಳು. ಚೆನ್ನೈಯವರು ಕತ್ತಿರಿ ಎನ್ನುವ ಮೇ ತಿಂಗಳ ಕಡುಬಿಸಿಲಿನ ಗಡುವು ಮುಗಿದಿತ್ತು, ಬಿಸಿಲಿಗೆ ಅದು ಗೊತ್ತಿರಲಿಲ್ಲ. ಪಂಪು ನಿಂತು ನಲ್ಲಿಯಲ್ಲಿ ನೀರೂ ನಿಂತಿತು.

"ನೀವೇ ಕರೆಂಟ್ ಆಫೀಸರಲ್ವಾ ಸಾರ್. ಒಂದು ಫೋನ್ ಮಾಡಿ" ಎಂದಳು ಜಯಲಕ್ಷ್ಮಿ.

"ಅಮ್ಮ, ನಾನು ನೋಡೋದು ನಾಲ್ಕು ಲಕ್ಷ ವೋಲ್ಟಿನ ಲೈನು. ನಿಮ್ಮ ಮಿಕ್ಸಿಯ ಇನ್ನೂರ ಮೂವತ್ತು ವೋಲ್ಟು ನನ್ನ ಮಾತು ಕೇಳೋದಿಲ್ಲ."

"ಅಷ್ಟು ದೊಡ್ಡದನ್ನ ನೋಡೋರಿಗೆ ಇಷ್ಟು ಚಿಕ್ಕದು ಆಗಲ್ವೇನಪ್ಪ?" ಎಂದರು ಚಿಕ್ಕಮ್ಮ. ಇಪ್ಪತ್ತೆಂಟು ವರ್ಷ ಸರ್ವಿಸಾದ ಚನ್ನವೀರಪ್ಪನವರು ಫ್ಯೂಸ್ ಹಾಕುವವರ ನಂಬರು ಹುಡುಕತೊಡಗಿದರು.

ಸ್ಥಳೀಯ ವಿದ್ಯುತ್ ಕಚೇರಿಗೆ ಫೋನು ಮಾಡಿದರು. ಲೈನ್‌ಮನ್ ಹೊರಗೆ ಹೋಗಿದ್ದಾನೆ, ಬರುತ್ತಾನೆ ಎಂದು ಅಲ್ಲಿದ್ದವನು ತಮಿಳಿನಲ್ಲಿ ಹೇಳಿದ. ಬೇರೆ ದಾರಿ ಕಾಣದೆ ಚನ್ನವೀರಪ್ಪನವರು ತಮ್ಮ ಹುದ್ದೆ ಹೇಳಿಕೊಂಡರು. ಆ ಕಡೆಯವನು ಸಿಟ್ಟಾಗಲಿಲ್ಲ. "ಆಗಟ್ಟುಂ ಸಾರ್, ಆಗಲಿ. ನಿನ್ನೆ ಒಬ್ಬರು ಗವರ್ನರ್ ಮನೆಯಿಂದ ಅಂದರು, ಅವರಿಗೂ ಲೈನ್‌ಮನ್ ಬಂದಮೇಲೇನೇ" ಎಂದು ಸಮಾಧಾನ ಮಾಡಿ ಫೋನಿಟ್ಟ.

ಕೊನೆಗೆ ಕೆಲಸ ಮಾಡಿದವರು ಅಂದಾನಿಯವರು. ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಕೂತಿದ್ದ ಲೈನ್‌ಮನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ಸುಟ್ಟ ಫ್ಯೂಸ್ ಹಾಕಿಸಿದರು. ಮಿಕ್ಸಿ ಮತ್ತೆ ಗುರ್ರೆಂದಿತು. "ನೋಡಿದ್ಯಾ, ಸಾರ್ ಒಂದು ಫೋನ್ ಮಾಡಿದ್ದೇ ಹೇಗೆ ಬಂತು" ಎಂದರು ಚಿಕ್ಕಮ್ಮ. ಚನ್ನವೀರಪ್ಪನವರು ನಿಜ ಹೇಳಲು ಬಾಯಿ ತೆರೆದರು. ಅಂದಾನಿಯವರು ಕಣ್ಣುಸನ್ನೆ ಮಾಡಿ ತಡೆದರು.

ಮಧ್ಯಾಹ್ನ ಬಿಳಿ ಅಂಬಾಸಡರ್ ಕಾರು ಬಂದು ನಿಂತಿತು. ಚನ್ನವೀರಪ್ಪನವರು ಕೈಮುಗಿದು ರಾಮದಾಸ ಪ್ರಭುಗಳನ್ನು ಲಿಫ್ಟಿನವರೆಗೆ ಕರೆತಂದರು. ಅಷ್ಟರಲ್ಲಿ ಬಾಳೆಲೆಯ ಕಟ್ಟು ಹಿಡಿದ ಅಂದಾನಿಯವರು ನಡುವೆ ನುಗ್ಗಿ, "ಬನ್ನಿ ಸಾರ್, ನಾನು ಕರ್ಕೊಂಡು ಹೋಗ್ತೀನಿ" ಎಂದು ಒಳಗೆ ಸೇರಿಕೊಂಡರು. ನಾಲ್ಕು ಜನಕ್ಕೆ ಎಂದು ಆ ಲಿಫ್ಟಿನಲ್ಲಿ ಬರೆದಿದ್ದರೂ ಅಂದಾನಿಯವರ ಹೊಟ್ಟೆ ಒಳಗೆ ಹೋದಮೇಲೆ ಅದು ಇಬ್ಬರ ಲಿಫ್ಟೇ. ಜಾಲರಿ ಬಾಗಿಲು ಎಳೆದುಕೊಂಡಿತು. ಚನ್ನವೀರಪ್ಪನವರು ಮೆಟ್ಟಿಲು ಹತ್ತತೊಡಗಿದರು. ಅವರು ಎರಡನೆಯ ಮಹಡಿ ಮುಟ್ಟುವಷ್ಟರಲ್ಲಿ ಲಿಫ್ಟು ಅವರ ತಲೆಯ ಮಟ್ಟಕ್ಕೆ ಏರಿ ಒಮ್ಮೆ ನಡುಗಿ ನಿಂತುಬಿಟ್ಟಿತು. ಇಡೀ ಕಟ್ಟಡ ಗಪ್ಪಾಯಿತು. ಜಾಲರಿಯ ಹಿಂದೆ ಸಾಹೇಬರ ಬೂಟುಗಳು ಮಾತ್ರ ಕಾಣುತ್ತಿದ್ದವು.

ವಿದ್ಯುತ್ ಖಾತೆಯ ಅಷ್ಟು ದೊಡ್ಡ ಅಧಿಕಾರಿ ಕರೆಂಟಿಲ್ಲದೆ ಲಿಫ್ಟಿನಲ್ಲಿ ನೇತಾಡುವುದು, ಅದೂ ಇನ್ನೊಬ್ಬ ವಿದ್ಯುತ್ ಅಧಿಕಾರಿಯ ಮನೆಯಲ್ಲಿ. ಇದಾದಮೇಲೆ ಬೆಂಗಳೂರೂ ಇಲ್ಲ, ತುಮಕೂರೂ ಇಲ್ಲ ಎಂದು ಚನ್ನವೀರಪ್ಪನವರಿಗೆ ಖಾತ್ರಿಯಾಯಿತು. "ಒಂದೇ ನಿಮಿಷ ಸಾರ್" ಎಂದು ಬೂಟುಗಳಿಗೆ ಹೇಳಿ ಬೀದಿಗೆ ಓಡಿದರು.

ಟ್ರಾನ್ಸ್‌ಫಾರ್ಮರಿನ ನೆರಳಲ್ಲಿ ಅದೇ ಲೈನ್‌ಮನ್ ಸೈಕಲ್ಲಿಗೆ ಒರಗಿ ನಿಂತಿದ್ದ. ಕದಲುವ ಆತುರ ಅವನಲ್ಲೇನೂ ಕಾಣಲಿಲ್ಲ. "ಫಾಲ್ಟ್ ಇಲ್ಲೆ ಸಾರ್. ಮೇಲಿಡತ್ತು ಆರ್ಡರ್" ಎಂದ. ಯಾರೋ ಸೆಂಟ್ರಲ್ ಆಫೀಸರಂತೆ, ಲೋಡು ಇಳಿಸಿ ಎಂದು ಗದರಿದನಂತೆ, ಅದಕ್ಕೇ ಮೇಲಿನವರು ಈ ಕಡೆಯ ಲೈನುಗಳನ್ನೆಲ್ಲ ತೆಗೆಸಿದ್ದಾರೆ ಎಂದು ವಿವರಿಸಿದ. ಆ ಸೆಂಟ್ರಲ್ ಆಫೀಸರನ ಬಗ್ಗೆ ಇನ್ನೂ ಒಂದೆರಡು ಮಾತು ಸೇರಿಸಿದ. ಚನ್ನವೀರಪ್ಪನವರಿಗೆ ತಮಿಳು ಅಷ್ಟು ಚೆನ್ನಾಗಿ ಬರುತ್ತಿತ್ತಲ್ಲ ಎಂದು ಅವತ್ತು ದುಃಖವಾಯಿತು.

ಜೇಬಿನಿಂದ ಮೊಬೈಲು ತೆಗೆದು ಕಚೇರಿಗೆ ಫೋನು ಮಾಡಿದರು. ಕಂಟ್ರೋಲ್ ರೂಮಿನಲ್ಲಿದ್ದವರು ಕಿರಿಯ ಅಧಿಕಾರಿ ವಾಸಂತಿ, ಕೋಲಾರದವರು.

"ಸಾರ್, ನಾನೇ ಮಾಡೋಣ ಅಂತಿದ್ದೆ" ಎಂದರು ಆಕೆ. "ಒಂದು ದೊಡ್ಡ ಉತ್ಪಾದನಾ ಘಟಕ ನಿಂತುಹೋಯ್ತು. ಐವತ್ತಿರಬೇಕಾದ ಫ್ರೀಕ್ವೆನ್ಸಿ ನಲವತ್ತೆಂಟಕ್ಕಿಂತ ಕೆಳಗೆ ಇಳಿದಿತ್ತು. ನಿಮ್ಮ ಹೆಸರು ಹೇಳಿ ನಾಲ್ಕೂ ರಾಜ್ಯಕ್ಕೆ ಫೋನ್ ಮಾಡಿ ಜೋರು ಮಾಡಿದೆ. ಸಾರ್, ಕೇಳಿದ್ರು. ನಾಲ್ಕು ಕಡೆಯವರೂ ಲೋಡು ಇಳಿಸಿದ್ರು."

ಚನ್ನವೀರಪ್ಪನವರು ಮೊಬೈಲನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಇಷ್ಟು ವರ್ಷ ಅವರು ಬೇಡಿಕೊಂಡಿದ್ದರು, ಕೂಗಾಡಿದ್ದರು, ದಿಲ್ಲಿಗೆ ದೂರು ಬರೆದಿದ್ದರು. ಒಬ್ಬರೂ ಕೇಳಿರಲಿಲ್ಲ. ಕೇಳಲು ಇವತ್ತೇ ಆಗಬೇಕಿತ್ತೆ?

"ಅಡ್ಯಾರಿಗೆ ಮಾತ್ರ..." ಎಂದು ಶುರುಮಾಡಿದರು.

"ಹೇಳಿ ಸಾರ್. ನೀವೊಂದು ಮಾತು ಹೇಳಿದ್ರೆ ಆ ಲೈನು ಕೊಟ್ಟುಬಿಡ್ತಾರೆ. ಆದ್ರೆ ಒಬ್ಬರಿಗೆ ಸಡಿಲ ಬಿಟ್ಟಿದ್ದು ಗೊತ್ತಾದ್ರೆ ಮಿಕ್ಕವರೂ ಬಿಟ್ಟುಬಿಡ್ತಾರೆ. ಈಗಿನ್ನೂ ಕೂದಲೆಳೇಲಿ ನಿಂತಿದೆ."

ಕೂದಲೆಳೆ ಕಡಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ರಾಜ್ಯಗಳು ಒಟ್ಟಿಗೆ ಕತ್ತಲಾಗುತ್ತವೆ. ರೈಲುಗಳು ಬಯಲಿನಲ್ಲಿ ನಿಲ್ಲುತ್ತವೆ. ಆಪರೇಷನ್ ಟೇಬಲ್ಲಿನ ಮೇಲೆ ಯಾರೋ ಮಲಗಿರುತ್ತಾರೆ. ಇನ್ನೊಂದು ಕಡೆ ಸಾಹೇಬರ ಬೂಟುಗಳು, ಅವುಗಳ ಹಿಂದೆ ತುಮಕೂರಿನ ಮನೆಯ ಜಗಲಿ, ಜಗಲಿಯ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಕೂತ ಸರ್ವಮಂಗಳಾ. ಬಿಸಿಲು ನೆತ್ತಿಯನ್ನು ಕಾವಲಿಯಂತೆ ಕಾಯಿಸುತ್ತಿತ್ತು.

"ಬೇಡ ವಾಸಂತಿ" ಎಂದರು ಕೊನೆಗೆ. "ಹಾಗೇ ಇರಲಿ. ಪೂರ್ತಿ ಸುಧಾರಿಸಿದ ಮೇಲೇ ಬಿಡಿ."

ಮರಳಿ ಬಂದಾಗ ಮೆಟ್ಟಿಲ ಮೇಲೆ ಜಾತ್ರೆ ನೆರೆದಿತ್ತು. ಚಿಕ್ಕಮ್ಮ ಮೇಲಿನ ಮೆಟ್ಟಿಲಲ್ಲಿ ಕೂತು ಜಾಲರಿಯ ಸಂದಿಯಿಂದ ಹಪ್ಪಳ ತೂರಿಸುತ್ತಿದ್ದರು. ಜಯಲಕ್ಷ್ಮಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಒಳಗಿನಿಂದ ಅಂದಾನಿಯವರ ದನಿ ಹರಿಕಥೆಯಂತೆ ಹರಿಯುತ್ತಿತ್ತು. ಇವರನ್ನು ಕಂಡೊಡನೆ ಎಲ್ಲರೂ ಸುಮ್ಮನಾದರು.

"ಎಂತ ಆಯ್ತು ಚನ್ನವೀರಪ್ಪನವರೇ?" ಎಂದು ಬೂಟುಗಳ ಮೇಲಿನಿಂದ ಸಾಹೇಬರು ಕೇಳಿದರು.

ಸುಳ್ಳು ಹೇಳುವ ತ್ರಾಣವೂ ಚನ್ನವೀರಪ್ಪನವರಲ್ಲಿ ಉಳಿದಿರಲಿಲ್ಲ. "ಕರೆಂಟ್ ತೆಗೆಸಿರೋದು ನಾವೇ ಸಾರ್. ನನ್ನ ಹೆಸರಲ್ಲೇ ಹೋಗಿರೋ ಆರ್ಡರು."

"ವಾಪಸು ಕೊಡಿಸ್ಲಿಕ್ಕೆ ಆಗುದಿಲ್ವ?"

"ಆಗತ್ತೆ ಸಾರ್. ಆದ್ರೆ ಕೊಡಿಸಲ್ಲ. ಕೊಡಿಸಿದ್ರೆ ಗ್ರಿಡ್ ಬಿದ್ದುಹೋಗತ್ತೆ."

ಲಿಫ್ಟಿನೊಳಗೆ ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು. ಮುಗಿಯಿತು ಎಂದುಕೊಂಡು ಚನ್ನವೀರಪ್ಪನವರು ಮೆಟ್ಟಿಲ ಮೇಲೆ ಕುಸಿದು, ಶ್ರಾದ್ಧದ ಮನೆಗೆ ಬಂದವರಂತೆ ತಲೆ ತಗ್ಗಿಸಿ ಕೂತರು.

ಲಿಫ್ಟು ಮತ್ತೆ ಅಲುಗಾಡಿದಾಗ ಬಾಳೆಲೆ ಬಾಡಿತ್ತು, ಸಾಹೇಬರು ಬಾಡಿರಲಿಲ್ಲ. ಬೆವರಿನಲ್ಲಿ ತೊಯ್ದು ಹೊರಬಂದವರು ನಗುನಗುತ್ತ ಚನ್ನವೀರಪ್ಪನವರ ಬೆನ್ನು ತಟ್ಟಿದರು. ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮೊದಲ ತುತ್ತು ಬಾಯಿಗಿಟ್ಟವರೇ ಕಣ್ಣು ಮುಚ್ಚಿದರು. ಜಯಲಕ್ಷ್ಮಿ ಸಾರಿನ ಜೊತೆ ಹುರುಳಿಕಾಯಿ ಪಲ್ಯ, ಮಾವಿನಕಾಯಿ ಗೊಜ್ಜು, ಶ್ಯಾವಿಗೆ ಪಾಯಸ ಎಲ್ಲ ಮಾಡಿದ್ದಳು. ಸಾಹೇಬರು ಅನ್ನದ ನಡುವೆ ಗುಳಿ ಮಾಡಿಕೊಂಡು ಸಾರು ಹಾಕಿಸಿಕೊಂಡರು, ಮತ್ತೆ ಹಾಕಿಸಿಕೊಂಡರು, ಮೊಣಕೈವರೆಗೆ ಸೋರಿದ್ದನ್ನೂ ಬಿಡಲಿಲ್ಲ. ಬಡಿಸುತ್ತ ಓಡಾಡುತ್ತಿದ್ದ ಚನ್ನವೀರಪ್ಪನವರ ಎದೆಯಲ್ಲಿ ಸತ್ತೇಹೋಗಿದ್ದ ಆಸೆ ಒಂದು ಬೆರಳು ಅಲ್ಲಾಡಿಸಿತು.

ಪಾಯಸದ ಹೊತ್ತಿಗೆ ಸಾಹೇಬರು ಮಾತು ತೆಗೆದರು.

"ನೋಡಿ ಚನ್ನವೀರಪ್ಪನವರೇ, ನಾನು ಇವತ್ತು ಬಂದದ್ದೇ ನಿಮಗೆ ಬೆಂಗಳೂರು ಅಂತ ಹೇಳ್ಲಿಕ್ಕೆ. ತೀರ್ಮಾನ ಮಾಡಿಯೇ ಬಂದಿದ್ದೆ. ಆದರೆ ಆ ಲಿಫ್ಟಿನಲ್ಲಿ ನನ್ನ ಕಣ್ಣು ತೆರೀತು. ಸ್ವಂತ ಮೇಲಧಿಕಾರಿ ಬೇಯ್ತಾ ಇದ್ದರೂ ಆರ್ಡರ್ ಸಡಿಲ ಮಾಡದ ಮನುಷ್ಯ ನೀವು. ನಾಲ್ಕು ರಾಜ್ಯ ನಿಮ್ಮ ಹೆಸರು ಕೇಳಿ ಲೋಡು ಇಳಿಸ್ತದೆ. ಇಂಥವರನ್ನ ಇಲ್ಲಿಂದ ಕಿತ್ತರೆ ಈ ಶಾಖೆ ಉಳೀತದಾ? ನೀವು ನಿವೃತ್ತಿವರೆಗೆ ಇಲ್ಲೇ. ಯಾರೂ ನಿಮ್ಮನ್ನು ಅಲುಗಾಡಿಸದ ಹಾಗೆ ನಾನು ನೋಡಿಕೊಳ್ತೇನೆ."

ಚನ್ನವೀರಪ್ಪನವರ ಕೈಯ ಪಾಯಸದ ಸೌಟು ವಾಲಿತು. "ಸಾರ್, ನಮ್ಮ ಮನೆಯವರು ತುಮಕೂರಲ್ಲಿ..."

"ಗೊತ್ತುಂಟು. ಹಪ್ಪಳ ಕೊಟ್ಟ ಆ ಅಜ್ಜಿ ಎಲ್ಲಾ ಹೇಳಿದ್ರು. ಮನೆಯವರಿಗೆ ಅಲ್ಲೇ ಕೆಲಸ ಉಂಟು, ನಿಮಗೆ ಇಲ್ಲಿ ಸಂಸಾರದ ತಾಪತ್ರಯ ಇಲ್ಲ, ಆಫೀಸೇ ನಿಮ್ಮ ಮನೆ ಅಂತ. ಈ ಊರು ಬಿಟ್ಟರೆ ನಿಮ್ಮ ಜೀವ ಉಳಿಯುದಿಲ್ಲ ಅಂತ ಅಂದಾನಿಯವರು ಅತ್ತೇಬಿಟ್ರು ಮಾರಾಯ್ರೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೂವರ ಮುಖವೂ ದೀಪಾವಳಿಯಾಗಿತ್ತು. ಅಂದಾನಿಯವರು ಮೆಲ್ಲಗೆ ಬಂದು ಅವರ ಕಿವಿಯಲ್ಲಿ, "ಪೊಳಚ್ಚೀಂಗ ಸಾರ್, ಬದುಕಿದ್ರಿ. ನಿಮ್ಮನ್ನ ಕೆಲಸದಿಂದ ತೆಗಿಯಕ್ಕೇ ಬಂದವ್ರೆ ಅಂತ ಬೆಳಗ್ಗೇನೇ ನಿಮ್ಮ ಮುಖ ನೋಡಿ ಗೊತ್ತಾಯ್ತು. ಹಾರ್ಬರ್‌ನಲ್ಲಿ ಎಷ್ಟು ಜನಾನ ಹಿಂಗೆ ಊಟ ಮಾಡಿ ಮನೆಗೆ ಕಳಿಸಿದ್ದು ನೋಡಿಲ್ವಾ ನಾನು" ಎಂದರು. ಚನ್ನವೀರಪ್ಪನವರು ಅವರನ್ನು ನೋಡಿದರು. ಕಟ್ಟಡದಲ್ಲಿ ತಮ್ಮನ್ನು ಇಷ್ಟು ಪ್ರೀತಿಸುವವರು ಒಬ್ಬರಾದರೂ ಕಡಿಮೆ ಇದ್ದಿದ್ದರೆ ಎಂದುಕೊಂಡರು.

ಸಾಹೇಬರು ಕೈ ತೊಳೆದು ಬಂದಮೇಲೆ, ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಚನ್ನವೀರಪ್ಪನವರು ಕೇಳಿದರು. "ಹಾಗಾದ್ರೆ ಬೆಂಗಳೂರಿಗೆ ಯಾರು ಸಾರ್?"

ರಾಮದಾಸ ಪ್ರಭುಗಳು ಮದುವೆ ಗೊತ್ತಾದ ಹುಡುಗನಂತೆ ನಾಚಿದರು.

"ಅದನ್ನೇ ಯೋಚನೆ ಮಾಡ್ತಾ ಇದ್ದೆ, ಎರಡನೇ ಸಲ ಸಾರು ಹಾಕಿಸಿಕೊಳ್ಳುವಾಗ. ದಿಲ್ಲಿಯಲ್ಲಿ ನನಗೆ ಎಂತ ಉಂಟು ಹೇಳಿ. ನಾನೇ ಹೋಗುವ ಅಂತ ಮಾಡಿದ್ದೇನೆ. ಕಾರ್ಕಳ ಒಂದು ರಾತ್ರಿ ಬಸ್ಸಿನ ದೂರ. ನನ್ನ ಹೆಂಡತಿ ಪಾಪ, ಎಷ್ಟು ವರ್ಷದಿಂದ ಹೇಳ್ತಾ ಇದ್ದಾಳೆ, ಊರ ಹತ್ತಿರ ಹೋಗುವ ಅಂತ. ಈ ವಯಸ್ಸಿನಲ್ಲಿ ಮನುಷ್ಯನಿಗೆ ಸ್ವಲ್ಪ ಮನೆಯ ಸುಖ ಬೇಡ್ವಾ?" ಎಂದು ಚಪ್ಪಲಿ ಗೂಡಿನ ಬಳಿ ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು. "ತಿಂಗಳಿಗೊಮ್ಮೆ ಮೀಟಿಂಗಿಗೆ ಇಲ್ಲಿಗೆ ಬರ್ತೇನೆ. ಊಟ ನಿಮ್ಮಲ್ಲೇ, ಆಯ್ತಾ?"

ಈ ಸಲ ಅವರು ಲಿಫ್ಟು ಹತ್ತಲಿಲ್ಲ. ಮೆಟ್ಟಿಲಿಳಿಯುತ್ತ ಹೋದ ಅವರ ಶಿಳ್ಳೆ ಕೆಳಗಿನ ಬಾಗಿಲಿನವರೆಗೂ ಕೇಳಿಸಿತು.

ಸಂಜೆ ಸರ್ವಮಂಗಳಾ ಫೋನು ಮಾಡಿದರು. "ಏನಂದ್ರು?"

ಚನ್ನವೀರಪ್ಪನವರು ನಡೆದದ್ದನ್ನೆಲ್ಲ ಹೇಳಿದರು. ಫ್ರೀಕ್ವೆನ್ಸಿ ಇಳಿದದ್ದು, ಲಿಫ್ಟು ನಿಂತದ್ದು, ತಾವು ಆರ್ಡರ್ ಸಡಿಲಿಸದೆ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿದಮೇಲೆ ಆ ಕಡೆ ಕಾಗದಗಳನ್ನು ಜೋಡಿಸಿಡುವ ಸದ್ದು ಕೇಳಿಸಿತು.

"ಹೋಗಲಿ" ಎಂದರು ಸರ್ವಮಂಗಳಾ. "ನೀವು ಮಾಡಿದ್ದು ಸರಿಯಾಗೇ ಇದೆ ಬಿಡಿ." ಆಮೇಲೆ ಕೇಳಿದರು. "ನೀವು ಊಟ ಮಾಡಿದ್ರಾ?"

ತಾವು ಊಟವೇ ಮಾಡಿಲ್ಲವೆಂಬುದು ಚನ್ನವೀರಪ್ಪನವರಿಗೆ ಆಗ ಹೊಳೆಯಿತು. "ಈಗ ಮಾಡ್ತೀನಿ" ಎಂದು ಫೋನಿಟ್ಟು ಅಡುಗೆಮನೆಗೆ ಹೋದರು. ಸಾರಿನ ಪಾತ್ರೆಯ ತಳದಲ್ಲಿ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು. ಅವರು ಡಬ್ಬಿಯಿಂದ ರವೆ ತೆಗೆದು ಬಾಣಲೆಗೆ ಸುರಿದರು.